ಒಡ್ಡು ಸರ್ಕಾರದ್ದು, ಮಣ್ಣು ಯಾರದ್ದು?

ಸ್ವ-ಸಹಾಯ ಸಂಘಗಳ ಮಾಸಿಕ ಸಭೆಗೆ ಪಾಠ

ಪಾಠದ ಉದ್ದೇಶ

1. ನಮ್ಮ ಹೊಲದ ಮೇಲ್ಮಣ್ಣು ಹೇಗೆ, ಎಷ್ಟು, ಎಲ್ಲಿಗೆ ಹೋಗುತ್ತಿದೆ ಎಂದು ತಿಳಿಯುವುದು.
2. ಮಣ್ಣು ಉಳಿಸಲು ಸರ್ಕಾರ ಏನೇನು ಮಾಡಿದೆ, ಅದರಲ್ಲಿ ಮಹಿಳೆಯರ ಪಾಲು ಏನು ಎಂದು ತಿಳಿಯುವುದು.
3. ಮುಂದಿನ ಮಳೆಯೊಳಗೆ ನಮ್ಮ ಕೈಯಿಂದ ಆಗುವ ಒಂದು ಕೆಲಸವನ್ನು ಸಂಘದಲ್ಲಿ ನಿರ್ಣಯಿಸುವುದು.

ಪ್ರೇರಕಿಯರಿಗೆ ಸೂಚನೆ: ಈ ಪಾಠಕ್ಕೆ ಒಂದೂವರೆ ಗಂಟೆ ಬೇಕು. ಉಳಿತಾಯ, ಸಾಲದ ವ್ಯವಹಾರ ಮುಗಿದ ಮೇಲೆ ಆರಂಭಿಸಿ. ಮೊದಲು ಬರುವ ಮಾತುಕತೆಯನ್ನು ಇಬ್ಬರು ಸದಸ್ಯೆಯರಿಂದ ಜೋರಾಗಿ ಓದಿಸಿ. ಓದಲು ಬಾರದವರಿದ್ದರೆ ಹೇಳಿಕೊಟ್ಟು ಆಡಿಸಿ. ಮೂರು ಖಾಲಿ ಪ್ಲಾಸ್ಟಿಕ್ ಬಾಟಲಿ, ಒಂದು ಪುಟ್ಟಿ ಹೊಲದ ಮಣ್ಣು, ಒಂದು ಹಿಡಿ ಒಣ ಸೊಪ್ಪೆ, ಬೇರು ಸಮೇತ ಕಿತ್ತ ಒಂದು ಹೆಂಟೆ ಹುಲ್ಲು, ಮೂರು ಗಾಜಿನ ಲೋಟ ತರಲು ಹಿಂದಿನ ದಿನವೇ ಹೇಳಿರಿ.

ಒಂದು ಮಾತುಕತೆ

ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯ ಯಾವುದೋ ಒಂದು ಊರು ಅಂದುಕೊಳ್ಳೋಣ. ರಾತ್ರಿ ದೊಡ್ಡ ಮಳೆ ಬಂದಿದೆ. ಬೆಳಿಗ್ಗೆ ಹೊಲದ ದಾರಿಯಲ್ಲಿ ಇಬ್ಬರು ಎದುರಾಗುತ್ತಾರೆ. ಒಬ್ಬಾಕೆಯ ಹೊಲ ದಿನ್ನೆಯ ಮೇಲೆ, ಇನ್ನೊಬ್ಬಾಕೆಯದು ಅದರ ಕೆಳಗೆ. ಇಬ್ಬರೂ ಒಂದೇ ಸಂಘದವರು.

ಕೆಳಗಿನ ಹೊಲದಾಕೆ: ಅಕ್ಕಾ, ರಾತ್ರಿ ನಿಮ್ಮ ಹೊಲದ ನೀರೆಲ್ಲಾ ನಮ್ಮ ಹೊಲಕ್ಕ ನುಗ್ಗೈತಿ. ಮೊನ್ನೆ ಬಿತ್ತಿದ ಸಜ್ಜಿ ಬೀಜ ಸಮೇತ ಕಿತ್ಕೊಂಡು ಹೋತು.

ಮೇಲಿನ ಹೊಲದಾಕೆ: ನಾ ಏನ್ ಮಾಡ್ಲಿ ತಂಗಿ? ಮಳಿ ನಾನು ಕರದಿದ್ನೇನು? ನನ್ನ ಹೊಲದಾಗ ಬಂದು ನೋಡು, ಬರೇ ಗರಸು ಎದ್ದೈತಿ.

ಕೆಳಗಿನ ಹೊಲದಾಕೆ: ನಿಮ್ಮ ಒಡ್ಡು ಒಡದು ಎರಡು ವರ್ಷ ಆತು. ನಾಲ್ಕು ಪುಟ್ಟಿ ಮಣ್ಣು ಹಾಕಿದ್ರ ನಿಲ್ತಿತ್ತು.

ಮೇಲಿನ ಹೊಲದಾಕೆ: ಅದು ಸರ್ಕಾರದ ಒಡ್ಡು. ಅವರೇ ಬಂದು ಹಾಕಿದ್ರು, ಅವರೇ ಬಂದು ಸರಿ ಮಾಡ್ಲಿ. ಮ್ಯಾಗ ಹೊಲ ನಮ್ಮ ಯಜಮಾನರ ಹೆಸರಿನಾಗೈತಿ. ನನ್ನ ಮಾತು ಯಾರು ಕೇಳ್ತಾರ?

ಮಾತು ಅಲ್ಲಿಗೇ ನಿಂತಿತು. ಆ ವಾರ ಇಬ್ಬರೂ ಸಭೆಗೆ ಬಂದರು, ಆದರೆ ದೂರ ದೂರ ಕೂತರು. ಕೆಳಗಿನ ಹೊಲದಾಕೆ ಮರುಬಿತ್ತನೆಗೆ ಸಾಲ ಕೇಳಿದಳು. ಮೇಲಿನ ಹೊಲದಾಕೆ ಗೊಬ್ಬರಕ್ಕೆ ಸಾಲ ಕೇಳಿದಳು.

ಇಲ್ಲಿ ಸ್ವಲ್ಪ ನಿಲ್ಲಿಸಿ ಕೇಳಿರಿ: ಇಬ್ಬರಲ್ಲಿ ತಪ್ಪು ಯಾರದು? ಎರಡು ಸಾಲಕ್ಕೂ ಕಾರಣ ಒಂದೇ ಅಲ್ಲವೇ?

ಎಷ್ಟು ಮಣ್ಣು ಹೋಯಿತು?

ನಮ್ಮ ಹೊಲದಲ್ಲಿ ಬೆಳೆಗೆ ಬೇಕಾದ ಸತ್ವ ಹೆಚ್ಚಾಗಿ ಇರುವುದು ಮೇಲಿನ ಗೇಣುದ್ದ ಮಣ್ಣಿನಲ್ಲಿ. ಕೊಟ್ಟಿಗೆ ಗೊಬ್ಬರ, ಕೊಳೆತ ಎಲೆ, ಎರೆಹುಳು, ಕಣ್ಣಿಗೆ ಕಾಣದ ಜೀವಾಣುಗಳು ಎಲ್ಲ ಇರುವುದು ಅಲ್ಲೇ. ಒಂದು ಇಂಚು ಮೇಲ್ಮಣ್ಣು ತಾನಾಗಿ ಹುಟ್ಟಲು ನೂರಾರು ವರ್ಷ ಬೇಕು. ಹೋಗಲು ಕೆಲವು ದೊಡ್ಡ ಮಳೆ ಸಾಕು.

ಇದು ಕಣ್ಣಿಗೆ ಕಾಣುವುದಿಲ್ಲ. ಯಾಕೆಂದರೆ ಮಣ್ಣು ಹಾಳೆಯ ಹಾಗೆ ತೆಳ್ಳಗೆ ಏಳುತ್ತದೆ. ಒಂದು ಎಕರೆಯಲ್ಲಿ ಒಂದೇ ಒಂದು ಮಿಲಿಮೀಟರ್ ಮಣ್ಣು ಹೋಯಿತು ಅಂದುಕೊಳ್ಳಿ. ಅದು ಒಂದು ರೂಪಾಯಿ ನಾಣ್ಯದ ದಪ್ಪವೂ ಅಲ್ಲ. ತೂಕ ಹಾಕಿದರೆ ಸುಮಾರು 5 ಟನ್ ಆಗುತ್ತದೆ!

1983ರಲ್ಲಿ ನಮ್ಮ ದೇಶದ ಮಣ್ಣು ವಿಜ್ಞಾನಿಗಳು ಲೆಕ್ಕ ಹಾಕಿ, ಸರಾಸರಿ ಒಂದು ಹೆಕ್ಟೇರಿಗೆ ವರ್ಷಕ್ಕೆ ಸುಮಾರು 16 ಟನ್ ಮಣ್ಣು ಸವೆಯುತ್ತಿದೆ ಎಂದು ಅಂದಾಜು ಮಾಡಿದರು. ಎಕರೆಗೆ ಆರೂವರೆ ಟನ್ ಆಯಿತು. ಟ್ರ್ಯಾಕ್ಟರ್ ಟ್ರೇಲರಿಗೆ ಮೂರು ಟನ್ ಎಂದು ಹಿಡಿದರೆ, ಪ್ರತಿ ಎಕರೆಯಿಂದ ಪ್ರತಿ ವರ್ಷ ಎರಡು ಟ್ರೇಲರ್ ಮಣ್ಣು! ಇದು ಇಡೀ ದೇಶದ ಸರಾಸರಿ. ಇಳಿಜಾರು ಹೊಲದಲ್ಲಿ ಇನ್ನೂ ಹೆಚ್ಚು, ಸಮತಟ್ಟು ಹೊಲದಲ್ಲಿ ಕಡಿಮೆ. ಯಾರಾದರೂ ಹಗಲಲ್ಲಿ ಟ್ರ್ಯಾಕ್ಟರ್ ತಂದು ನಮ್ಮ ಹೊಲದ ಮಣ್ಣು ತುಂಬಿಕೊಂಡು ಹೋದರೆ ನಾವು ಸುಮ್ಮನೆ ಬಿಡುತ್ತೇವೆಯೇ? ಮಳೆ ತುಂಬಿಕೊಂಡು ಹೋದರೆ ಮಾತ್ರ ಸುಮ್ಮನಿರುತ್ತೇವೆ.

ಎಲ್ಲಿಗೆ ಹೋಯಿತು?

ಸ್ವಲ್ಪ ಮಣ್ಣು ಕೆಳಗಿನ ಹೊಲದಲ್ಲಿ, ಸ್ವಲ್ಪ ಹಳ್ಳದಲ್ಲಿ, ಕೆರೆಯಲ್ಲಿ ಕೂರುತ್ತದೆ. ಉಳಿದದ್ದು ನದಿಗೆ ಸೇರುತ್ತದೆ.

ನಮಗೆ ಗೊತ್ತಿರುವ ಉದಾಹರಣೆ ತುಂಗಭದ್ರಾ ಅಣೆಕಟ್ಟು. 1953ರಲ್ಲಿ ಇದರಲ್ಲಿ ನೀರು ನಿಲ್ಲಿಸಿದಾಗ ಸುಮಾರು 132 ಟಿಎಂಸಿ ನೀರು ಹಿಡಿಯುತ್ತದೆ ಎಂದು ಲೆಕ್ಕ ಇತ್ತು. 2016ರ ಅಳತೆಯಂತೆ ಅದು ಸುಮಾರು 105 ಟಿಎಂಸಿಗೆ ಇಳಿದಿದೆ. ಅಂದರೆ ಐದರಲ್ಲಿ ಒಂದು ಪಾಲು ಜಾಗವನ್ನು ಹೂಳು ತಿಂದಿದೆ. ಈ ಹೂಳು ಮೇಲಿನ ಜಿಲ್ಲೆಗಳ ಹೊಲ, ಗುಡ್ಡ, ಕಾಡು, ಗಣಿ ಎಲ್ಲ ಕಡೆಯಿಂದ ಬಂದದ್ದು. ಮೇಲಿನವರ ಹೊಲದಲ್ಲಿ ಮಣ್ಣು ಹೋಯಿತು, ಕೆಳಗಿನವರ ಕಾಲುವೆಯಲ್ಲಿ ನೀರು ಕಡಿಮೆಯಾಯಿತು. ನಮ್ಮ ಕತೆಯ ಇಬ್ಬರು ಹೆಣ್ಣುಮಕ್ಕಳ ಜಗಳವೇ ಇಲ್ಲಿ ನದಿಯಷ್ಟು ದೊಡ್ಡದಾಗಿದೆ, ಅಷ್ಟೇ.

ಸರ್ಕಾರ ಏನು ಮಾಡಿದೆ?

ಸರ್ಕಾರ ಏನೂ ಮಾಡಿಲ್ಲ ಎನ್ನುವುದು ಸರಿಯಲ್ಲ. ಮೊದಲಿನಿಂದ ನೋಡೋಣ.

ವಿಜಯಪುರ, ಧಾರವಾಡ, ಬೆಳಗಾವಿ ಕಡೆಯವರು ಮುಂಬಯಿ ಪ್ರಾಂತದಲ್ಲಿದ್ದ ಕಾಲ. ಬರದ ಸೀಮೆಯಲ್ಲಿ ಒಡ್ಡು ಹಾಕಿಸಲು ಅಲ್ಲಿ 1942ರಲ್ಲೇ ಒಂದು ಕಾಯ್ದೆ ಬಂತು. ನಮ್ಮ ರಾಜ್ಯಕ್ಕೆಲ್ಲ ಅನ್ವಯಿಸುವ ಜಮೀನು ಅಭಿವೃದ್ಧಿ ಕಾಯ್ದೆ 1961ರಲ್ಲಿ ಆಯಿತು. (ಉಳುವವನಿಗೆ ಭೂಮಿ ಕೊಟ್ಟ ಭೂ ಸುಧಾರಣೆ ಕಾಯ್ದೆ ಬೇರೆ, ಇದು ಬೇರೆ.) ಕೇಂದ್ರದಲ್ಲಿ 1953ರಲ್ಲಿ ಮಣ್ಣು ಸಂರಕ್ಷಣಾ ಮಂಡಳಿ ರಚನೆಯಾಯಿತು. 1954ರಲ್ಲಿ ನಮ್ಮ ಬಳ್ಳಾರಿಯಲ್ಲೇ ಮಣ್ಣು ಮತ್ತು ನೀರು ಸಂರಕ್ಷಣೆಯ ಸಂಶೋಧನಾ ಕೇಂದ್ರ ಶುರುವಾಯಿತು. ಎರೆ ಭೂಮಿಯಲ್ಲಿ ಮಣ್ಣು ಹೇಗೆ ಕೊಚ್ಚಿಹೋಗುತ್ತದೆ, ಹೇಗೆ ತಡೆಯಬೇಕು ಎಂದು ಅಲ್ಲಿ ಅಂದಿನಿಂದ ಅಭ್ಯಾಸ ನಡೆದಿದೆ.

1970ರ ದಶಕದಲ್ಲಿ ಬರಪೀಡಿತ ಪ್ರದೇಶಗಳ ಕಾರ್ಯಕ್ರಮ ಬಂತು. ಆಗೆಲ್ಲ ಕೆಲಸ ಮೇಲಿನಿಂದ ಬರುತ್ತಿತ್ತು. ಅಧಿಕಾರಿಗಳು ಅಳೆಯುತ್ತಿದ್ದರು, ಕೂಲಿಯವರು ಹಾಕುತ್ತಿದ್ದರು, ಹೊಲದವರು ನೋಡುತ್ತಿದ್ದರು. 1994ರಲ್ಲಿ ಹನುಮಂತರಾವ್ ಅವರ ನೇತೃತ್ವದ ಸಮಿತಿ ಇದನ್ನು ಪರಿಶೀಲಿಸಿ, ಜನರೇ ಸೇರಿ ಯೋಜನೆ ಮಾಡಬೇಕು ಎಂದು ಶಿಫಾರಸು ಮಾಡಿತು. 1995ರಿಂದ ಊರಿನ ಜಲಾನಯನ ಸಮಿತಿಯ ಮೂಲಕ ಕೆಲಸ ಮಾಡುವ ಮಾರ್ಗಸೂಚಿ ಜಾರಿಗೆ ಬಂತು. ಜಲಾನಯನ ಅಂದರೆ ದಿನ್ನೆಯ ನೆತ್ತಿಯಿಂದ ಹಳ್ಳದವರೆಗೆ, ಮಳೆನೀರು ಒಂದೇ ಕಡೆಗೆ ಹರಿದು ಸೇರುವ ಪ್ರದೇಶ. ನೀರಿಗೆ ಸರ್ವೆ ನಂಬರ್ ಗೊತ್ತಿಲ್ಲ. ಅದು ಇಳಿಜಾರು ನೋಡಿ ಹರಿಯುತ್ತದೆ. ಆದ್ದರಿಂದ ಒಬ್ಬರ ಹೊಲ ಬಿಟ್ಟು ಇನ್ನೊಬ್ಬರ ಹೊಲದಲ್ಲಿ ಕೆಲಸ ಮಾಡಿದರೆ ನಿಲ್ಲುವುದಿಲ್ಲ.

2000ದಲ್ಲಿ ಕರ್ನಾಟಕದಲ್ಲಿ ಜಲಾನಯನ ಅಭಿವೃದ್ಧಿಗೆಂದೇ ಪ್ರತ್ಯೇಕ ಇಲಾಖೆ ಆಯಿತು. 2001ರಿಂದ 2009ರವರೆಗೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ಸುಜಲ ಯೋಜನೆ ನಡೆಯಿತು. ಅದರಲ್ಲಿ ಅಕ್ಕಪಕ್ಕದ ಹೊಲದವರನ್ನು ಸೇರಿಸಿ ಕ್ಷೇತ್ರ ಗುಂಪು ಮಾಡಿದರು. ಸ್ವ-ಸಹಾಯ ಸಂಘಗಳನ್ನೂ ಯೋಜನೆಯೊಳಗೆ ಸೇರಿಸಿಕೊಂಡರು.

ನಿಯಮದಲ್ಲಿ ನಮ್ಮ ಜಾಗ

2008ರಲ್ಲಿ ಕೇಂದ್ರ ಸರ್ಕಾರ ಎಲ್ಲ ಜಲಾನಯನ ಯೋಜನೆಗಳಿಗೂ ಒಂದೇ ಮಾರ್ಗಸೂಚಿ ತಂದಿತು. ಅದರಲ್ಲಿ ನಮಗೆ ಸಂಬಂಧಿಸಿದ ಎರಡು ಮಾತುಗಳಿವೆ. ಗಮನವಿಟ್ಟು ಕೇಳಿರಿ.

ಒಂದನೆಯದು: ಊರಿನ ಜಲಾನಯನ ಸಮಿತಿಯಲ್ಲಿ ಕನಿಷ್ಠ 10 ಜನ ಇರಬೇಕು. ಅವರಲ್ಲಿ ಅರ್ಧದಷ್ಟು ಜನ ಸ್ವ-ಸಹಾಯ ಸಂಘ, ಬಳಕೆದಾರರ ಗುಂಪು, ಪರಿಶಿಷ್ಟ ಜಾತಿ ಮತ್ತು ಪಂಗಡ, ಮಹಿಳೆಯರು, ಭೂಮಿ ಇಲ್ಲದವರ ಪ್ರತಿನಿಧಿಗಳಾಗಿರಬೇಕು. ಪಹಣಿಯಲ್ಲಿ ಹೆಸರಿದ್ದವರು ಮಾತ್ರ ಕೂರಬೇಕು ಎಂದು ಎಲ್ಲೂ ಹೇಳಿಲ್ಲ.

ಇದು ದೊಡ್ಡ ಮಾತು. ಯಾಕೆಂದರೆ 2015-16ರ ಕೃಷಿ ಗಣತಿಯಂತೆ ನಮ್ಮ ದೇಶದ ಸಾಗುವಳಿ ಹಿಡುವಳಿಗಳಲ್ಲಿ ನೂರಕ್ಕೆ ಸುಮಾರು 14 ಮಾತ್ರ ಮಹಿಳೆಯರವು. ಕಳೆ ಕೀಳುವವರು ನಾವು, ಬಿತ್ತುವಾಗ ಬೀಜ ಬಿಡುವವರು ನಾವು, ನೀರು ಯಾವ ಮೂಲೆಯಲ್ಲಿ ನುಗ್ಗುತ್ತದೆ ಎಂದು ಕಣ್ಣಾರೆ ನೋಡುವವರು ನಾವು. ಕಾಗದದಲ್ಲಿ ಮಾತ್ರ ಹೊಲ ನಮ್ಮದಲ್ಲ. ಕಾಗದದಲ್ಲಿ ಹೆಸರಿಲ್ಲದವರಿಗೂ ಈ ನಿಯಮ ಸಮಿತಿಯಲ್ಲಿ ಜಾಗ ಇಟ್ಟಿತ್ತು. ಆದರೂ ಎಷ್ಟೋ ಕಡೆ ಹೆಣ್ಣುಮಕ್ಕಳ ಹೆಸರು ಬರೆದು, ಮನೆಗೆ ಬಂದು ಹೆಬ್ಬೆಟ್ಟು ಹಾಕಿಸಿಕೊಂಡು ಹೋಗುವುದೇ ರೂಢಿ. ಹೆಸರು ಇದ್ದರೆ ಸಾಲದು, ನಾವು ಹೋಗಿ ಕೂರಬೇಕು.

ಎರಡನೆಯದು: ಯೋಜನೆಯಲ್ಲಿ ಸ್ವಂತ ಹೊಲದಲ್ಲಿ ಕೆಲಸ ಮಾಡಿಸಿಕೊಂಡವರು ಸ್ವಲ್ಪ ವಂತಿಗೆ ಕೊಡಬೇಕು. ಆ ಹಣ ಜಲಾನಯನ ಅಭಿವೃದ್ಧಿ ನಿಧಿಗೆ ಸೇರುತ್ತದೆ. ಯೋಜನೆ ಮುಗಿದ ಮೇಲೆ ಗೋಮಾಳ, ಹಳ್ಳದ ತಡೆ ಮುಂತಾದ ಊರೊಟ್ಟಿನ ಕೆಲಸಗಳ ದುರಸ್ತಿಗೆ ಅದನ್ನು ಬಳಸಬಹುದು. ಸ್ವಂತ ಹೊಲದ ಒಡ್ಡಿನ ದುರಸ್ತಿಗೆ ಆ ನಿಧಿ ಇಲ್ಲ. ಹೊಲದವರೇ ಮಾಡಿಕೊಳ್ಳಬೇಕು.

ಈಗ ನಮ್ಮ ಕತೆಗೆ ಹಿಂತಿರುಗಿ. ಮೇಲಿನ ಹೊಲದಾಕೆ ಹೇಳಿದ್ದು, "ಅದು ಸರ್ಕಾರದ ಒಡ್ಡು" ಅಂತ. ಹಣ ಸರ್ಕಾರದ್ದು ನಿಜ. ಒಡ್ಡು ಹಾಕಿದ ದಿನದಿಂದ ಅದು ಹೊಲದವರದ್ದೇ. ಇದನ್ನು ಹಾಕುವ ದಿನವೇ ತಿಳಿಸಿ ಹೇಳಿದ್ದರೆ ಈ ಜಗಳ ಬರುತ್ತಿರಲಿಲ್ಲ.

2021ರಲ್ಲಿ ಜಲಾನಯನ ಯೋಜನೆಗಳಿಗೆ ಹೊಸ ಮಾರ್ಗಸೂಚಿ ಬಂದಿದೆ. ನಿಮ್ಮೂರಿಗೆ ಯೋಜನೆ ಬರುವುದಿದ್ದರೆ, ಸಮಿತಿ ಹೇಗೆ ಮಾಡುತ್ತೀರಿ, ಸಂಘದಿಂದ ಎಷ್ಟು ಜನ, ವಂತಿಗೆ ಎಷ್ಟು ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಮೊದಲೇ ಕೇಳಿರಿ. 2006ರಿಂದ ಉದ್ಯೋಗ ಖಾತರಿಯಲ್ಲೂ ಬದು, ಕೃಷಿ ಹೊಂಡ, ಕೆರೆ ಹೂಳೆತ್ತುವ ಕೆಲಸಗಳು ನಡೆದವು. ಆ ಕಾಯ್ದೆಯ ಬದಲಿಗೆ 2025ರ ಡಿಸೆಂಬರಿನಲ್ಲಿ ಸಂಸತ್ತು ಹೊಸ ಕಾಯ್ದೆ ಮಾಡಿದೆ. ಹಳೆಯ ನಿಯಮವನ್ನೇ ನಂಬಿ ಕೂರಬೇಡಿ. ಈಗ ಯಾವ ಕೆಲಸ ಸಿಗುತ್ತದೆ, ಅರ್ಜಿ ಹೇಗೆ ಎಂದು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ.

ಒಡ್ಡು ಯಾಕೆ ಒಡೆಯುತ್ತದೆ?

1. ಹೊಲದ ಗಡಿಯೇ ಬೇರೆ, ನೀರಿನ ಗೆರೆಯೇ ಬೇರೆ. ಒಡ್ಡು ಒಂದೇ ಮಟ್ಟದ ಗೆರೆಯಲ್ಲಿ, ಇಳಿಜಾರಿಗೆ ಅಡ್ಡವಾಗಿ ಇರಬೇಕು. ಇದಕ್ಕೆ ಸಮಪಾತಳಿ ಒಡ್ಡು ಅನ್ನುತ್ತಾರೆ. ಆದರೆ ಇದು ಹೊಲದ ನಡುವೆ ಸೊಟ್ಟಗೆ ಹಾಯುತ್ತದೆ. ರಂಟೆ, ಟ್ರ್ಯಾಕ್ಟರ್ ತಿರುಗಿಸಲು ತೊಂದರೆ. ಆದ್ದರಿಂದ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಉತ್ತು ಸಪಾಟು ಮಾಡುತ್ತಾರೆ. ಗಡಿಯ ಮೇಲೆ ಮಾತ್ರ ಬದು ಹಾಕಿದರೆ ನೀರೆಲ್ಲ ಒಂದು ಮೂಲೆಗೆ ಸೇರಿ ಅಲ್ಲಿ ಒಡೆಯುತ್ತದೆ.

2. ಎರೆ ಬೇರೆ, ಮಸಾರಿ ಬೇರೆ. ಕೆಂಪು ಮಸಾರಿ ನೆಲದಲ್ಲಿ ನೀರು ಬೇಗ ಇಂಗುತ್ತದೆ. ಅಲ್ಲಿ ನೀರು ನಿಲ್ಲಿಸುವ ಒಡ್ಡು ಸರಿ. ಆಳವಾದ ಎರೆ ನೆಲದಲ್ಲಿ ನೀರು ನಿಧಾನ ಇಂಗುತ್ತದೆ. ನೀರು ನಿಂತು ಬೆಳೆ ಹಳದಿಯಾಗುತ್ತದೆ. ಬೇಸಿಗೆಯಲ್ಲಿ ಒಡ್ಡೇ ಬಿರುಕು ಬಿಟ್ಟು, ಮುಂದಿನ ಮಳೆಗೆ ಕೊಚ್ಚಿಹೋಗುತ್ತದೆ. ಎರೆ ನೆಲಕ್ಕೆ ಸಣ್ಣ ಇಳಿಜಾರು ಕೊಟ್ಟು, ಹೆಚ್ಚಾದ ನೀರನ್ನು ಹುಲ್ಲಿನ ಕಾಲುವೆ ಮೂಲಕ ಮೆಲ್ಲಗೆ ಹಳ್ಳಕ್ಕೆ ಬಿಡುವ ಒಡ್ಡು ಬೇಕು.

3. ಕೋಡಿ ಇರುವುದಿಲ್ಲ. ಕೆರೆಗೆ ಕೋಡಿ ಇರುವ ಹಾಗೆ ಒಡ್ಡಿಗೂ ಕಲ್ಲಿನ ಕೋಡಿ ಬೇಕು. ದಾರಿ ಬಿಡದಿದ್ದರೆ ನೀರು ತಾನೇ ದಾರಿ ಮಾಡಿಕೊಳ್ಳುತ್ತದೆ.

4. ನೋಡುವವರಿಲ್ಲ. ಇಲಿ ಬಿಲ, ದನ ಹತ್ತಿ ಇಳಿಯುವ ಜಾಡು, ಒಂದು ಗೇಣು ಬಿರುಕು. ಮಳೆಗೆ ಮುಂಚೆ ನಾಲ್ಕು ಪುಟ್ಟಿ ಮಣ್ಣಿನಲ್ಲಿ ಮುಗಿಯುವ ಕೆಲಸ, ಮಳೆ ಆದ ಮೇಲೆ ಜೆಸಿಬಿಗೂ ಮುಗಿಯುವುದಿಲ್ಲ.

ನಮ್ಮ ಕೈಯಿಂದ ಆಗುವ ಕೆಲಸಗಳು

ಓಡುವ ನೀರನ್ನು ನಡೆಸಬೇಕು, ನಡೆಯುವ ನೀರನ್ನು ನಿಲ್ಲಿಸಬೇಕು, ನಿಂತ ನೀರನ್ನು ಇಂಗಿಸಬೇಕು. ನೀರಿನ ಓಟ ಹೆಚ್ಚಿದಷ್ಟೂ ಮಣ್ಣು ಹೊರುವ ಅದರ ಶಕ್ತಿ ಹಲವು ಪಟ್ಟು ಬೆಳೆಯುತ್ತದೆ. ಆದ್ದರಿಂದ ಕೆಲಸ ಯಾವಾಗಲೂ ದಿನ್ನೆಯ ಮೇಲಿನಿಂದ ಶುರುವಾಗಬೇಕು.

ಅಡ್ಡ ಉಳುಮೆ, ಅಡ್ಡ ಬಿತ್ತನೆ: ಇಳಿಜಾರಿನ ಉದ್ದಕ್ಕೆ ಉತ್ತರೆ ಪ್ರತಿ ಸಾಲೂ ಒಂದು ಕಾಲುವೆ. ಅಡ್ಡ ಉತ್ತರೆ ಪ್ರತಿ ಸಾಲೂ ಒಂದು ಸಣ್ಣ ಒಡ್ಡು. ಇದಕ್ಕೆ ಪೈಸೆ ಖರ್ಚಿಲ್ಲ. ಮನೆಯಲ್ಲಿ ಗಂಡಸರಿಗೆ, ಟ್ರ್ಯಾಕ್ಟರ್ ಹುಡುಗನಿಗೆ ಹೇಳುವ ಬಾಯಿ ಬೇಕು, ಅಷ್ಟೇ.

ಮಟ್ಟದ ಗೆರೆ ಹುಡುಕುವ ಎ-ಚೌಕಟ್ಟು: ಆರೇಳು ಅಡಿಯ ಎರಡು ಸಮ ಕೋಲುಗಳನ್ನು ಮೇಲೆ ಕಟ್ಟಿ, ಕೆಳಗೆ ಕಾಲು ಅಗಲಿಸಿ, ನಡುವೆ ಒಂದು ಅಡ್ಡ ಕೋಲು ಕಟ್ಟಿ. ನೆತ್ತಿಯಿಂದ ಒಂದು ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಿ. ನೆಲದ ಮೇಲೆ ನಿಲ್ಲಿಸಿ, ಎರಡೂ ಕಾಲಿನ ಜಾಗ ಗುರುತು ಮಾಡಿ, ದಾರ ಅಡ್ಡ ಕೋಲನ್ನು ಮುಟ್ಟುವಲ್ಲಿ ಗೆರೆ ಎಳೆಯಿರಿ. ಈಗ ಕಾಲುಗಳನ್ನು ಅದಲು ಬದಲು ಮಾಡಿ ಅದೇ ಜಾಗದಲ್ಲಿ ನಿಲ್ಲಿಸಿ, ಇನ್ನೊಂದು ಗೆರೆ ಎಳೆಯಿರಿ. ಎರಡು ಗೆರೆಗಳ ನಡುಮಧ್ಯವೇ ಮಟ್ಟದ ಗುರುತು. ಹೊಲದಲ್ಲಿ ಒಂದು ಕಾಲು ಊರಿ, ದಾರ ಆ ಗುರುತಿಗೆ ಬರುವ ತನಕ ಇನ್ನೊಂದು ಕಾಲನ್ನು ಮೇಲೆ ಕೆಳಗೆ ಸರಿಸಿ. ಸಿಕ್ಕಲ್ಲಿ ಗೂಟ ಹೊಡೆಯಿರಿ. ಹೀಗೇ ಹೆಜ್ಜೆ ಹಾಕುತ್ತಾ ಹೋದರೆ ಮಟ್ಟದ ಗೆರೆ ಸಿಗುತ್ತದೆ. ಇದಕ್ಕೆ ಇಂಜಿನಿಯರ್ ಬೇಕಿಲ್ಲ, ಇಬ್ಬರು ಗೆಳತಿಯರು ಸಾಕು.

ಕಂದಕ ಮತ್ತು ಬದು: ಆ ಗೆರೆಯ ಮೇಲ್ಬದಿಗೆ ಕಂದಕ ತೋಡಿ, ಮಣ್ಣನ್ನು ಕೆಳಬದಿಗೆ ಹಾಕಿ. ನಡುವೆ ಒಂದು ಅಡಿ ಜಾಗ ಬಿಡಿ, ಇಲ್ಲವಾದರೆ ಮಣ್ಣು ಮತ್ತೆ ಕಂದಕಕ್ಕೇ ಜಾರುತ್ತದೆ. ಇದು ಹೆಚ್ಚಾಗಿ ಮಸಾರಿ ನೆಲಕ್ಕೆ.

ಬದುವಿನ ಮೇಲೆ ಜೀವ: ಬರೀ ಮಣ್ಣಿನ ಬದು ಬಾಳುವುದಿಲ್ಲ. ಗುಂಡ್ಲುಪೇಟೆ ಕಡೆಯ ರೈತರು ಹಿಂದಿನ ಕಾಲದಿಂದಲೂ ಹೊಲದ ಅಂಚಿಗೆ ಲಾವಂಚದ ಸಾಲು ಬೆಳೆಸುತ್ತ ಬಂದಿದ್ದಾರೆ. ಇದರ ಬೇರು ನೆಟ್ಟಗೆ ಆಳಕ್ಕೆ ಇಳಿಯುತ್ತದೆ, ಬೆಳೆಗೆ ಅಡ್ಡ ಬರುವುದಿಲ್ಲ. ಮುಂಗಾರಿನ ಆರಂಭದಲ್ಲಿ ಬೇರು ಸಮೇತ ಸೀಳಿದ ಸಸಿಗಳನ್ನು ನಾಲ್ಕರಿಂದ ಆರು ಇಂಚಿಗೆ ಒಂದರಂತೆ ಒಂದೇ ಸಾಲಿನಲ್ಲಿ ನೆಡಿ. ಸತ್ತ ಕಡೆ ಮರುವರ್ಷ ತುಂಬಿಸಿ. ಎರಡು ಮೂರು ಮಳೆಗಾಲದಲ್ಲಿ ಒಂದಕ್ಕೊಂದು ಕೂಡಿ ಬೇಲಿಯಂತಾಗುತ್ತದೆ. ಮಣ್ಣು ಅದರ ಹಿಂದೆ ನಿಲ್ಲುತ್ತದೆ, ನೀರು ಸೋಸಿ ಮುಂದೆ ಹೋಗುತ್ತದೆ. ಗೊಬ್ಬರದ ಗಿಡ, ಹೊಂಗೆ, ತೊಗರಿ ಕೂಡ ಬದುವಿಗೆ ಒಳ್ಳೆಯವು. ಸೊಪ್ಪು, ಮೇವು, ಉರುವಲು ಸಿಗುತ್ತದೆ.

ನೆಲಕ್ಕೆ ಹೊದಿಕೆ: ಮಳೆ ಹನಿ ನೇರವಾಗಿ ಬರಿ ಮಣ್ಣಿಗೆ ಹೊಡೆದಾಗಲೇ ಸವಕಳಿ ಶುರು. ಜೋಳ, ಸಜ್ಜೆಯ ಜೊತೆ ಅಲಸಂದೆ, ಮಡಿಕೆ, ಹೆಸರಿನಂತಹ ಹಬ್ಬುವ ಕಾಳು ಬೆಳೆ ಹಾಕಿ. ಕೊಯ್ಲಾದ ಮೇಲೆ ದನ ಬಿಟ್ಟ ಸೊಪ್ಪೆ, ದಂಟನ್ನು ಸುಡಬೇಡಿ, ಹೊಲದಲ್ಲೇ ಬಿಡಿ.

ಸಭೆಯಲ್ಲಿ ಮಾಡಿ ನೋಡೋಣ

ಮೂರೂ ಬಾಟಲಿಯನ್ನು ಅಡ್ಡ ಮಲಗಿಸಿ, ಮೇಲಿನ ಬದಿ ಕತ್ತರಿಸಿ ತೆಗೆಯಿರಿ. ಮೂರಕ್ಕೂ ಒಂದೇ ಮಣ್ಣು ತುಂಬಿ. ಒಂದು ಬರಿ ಮಣ್ಣು. ಇನ್ನೊಂದರ ಮೇಲೆ ಒಣ ಸೊಪ್ಪೆ. ಮೂರನೆಯದರಲ್ಲಿ ಬೇರು ಸಮೇತ ಹುಲ್ಲು. ಬಾಯಿ ಸ್ವಲ್ಪ ಕೆಳಗಾಗುವಂತೆ ಇಟ್ಟು, ಮುಂದೆ ಗಾಜಿನ ಲೋಟ ಇಡಿ. ಮೂರಕ್ಕೂ ಒಂದೇ ಅಳತೆಯ ನೀರನ್ನು ಮಳೆಯಂತೆ ಸಿಂಪಡಿಸಿ. ಲೋಟಗಳನ್ನು ಎಲ್ಲರಿಗೂ ತೋರಿಸಿ. ಯಾವ ಲೋಟದ ನೀರು ಕದಡಿದೆ, ಯಾವುದು ತಿಳಿಯಾಗಿದೆ? ಯಾವ ಲೋಟ ನಮ್ಮ ಹೊಲ?

ಚರ್ಚೆಗೆ ಪ್ರಶ್ನೆಗಳು

1. ಸಂಘದ ಸಾಲದ ಪುಸ್ತಕ ತೆರೆಯಿರಿ. ಹೋದ ವರ್ಷ ಗೊಬ್ಬರಕ್ಕೆ, ಮರುಬಿತ್ತನೆಗೆ ಎಷ್ಟು ಸಾಲ ಕೊಟ್ಟಿದ್ದೇವೆ? ಅದರಲ್ಲಿ ಮಣ್ಣು ಹೋದದ್ದರಿಂದ ಆದ ಸಾಲ ಎಷ್ಟಿರಬಹುದು?
2. ನಮ್ಮಲ್ಲಿ ಯಾರ ಹೊಲ ಮೇಲೆ, ಯಾರ ಹೊಲ ಕೆಳಗೆ? ನೆಲದ ಮೇಲೆ ಸುಣ್ಣದಪುಡಿಯಲ್ಲಿ ದಿನ್ನೆ, ಹಳ್ಳ, ಹೊಲಗಳ ಚಿತ್ರ ಬಿಡಿಸಿ.
3. ನಮ್ಮೂರಲ್ಲಿ ಹಿಂದೆ ಜಲಾನಯನ ಕೆಲಸ ಆಗಿತ್ತೇ? ಸಮಿತಿಯಲ್ಲಿ ಯಾವ ಹೆಣ್ಣುಮಕ್ಕಳ ಹೆಸರಿತ್ತು? ಅವರನ್ನು ಸಭೆಗೆ ಕರೆದಿದ್ದರೇ? ನಿಧಿಯಲ್ಲಿ ಎಷ್ಟು ಹಣ ಉಳಿದಿದೆ?
4. ಹೊಲ ಇಲ್ಲದ ಸದಸ್ಯೆಯರಿಗೆ ಈ ಕೆಲಸದಲ್ಲಿ ಕೂಲಿ, ಮೇವು, ಸಸಿ ಬೆಳೆಸುವ ಆದಾಯ ಹೇಗೆ ಸಿಗಬಹುದು?

ಮಾತುಕತೆಯನ್ನು ನೀವೇ ಮುಗಿಸಿ

ಮೊದಲು ಓದಿದ ಇಬ್ಬರು ಸದಸ್ಯೆಯರು ಮತ್ತೆ ಎದ್ದು ನಿಲ್ಲಲಿ. ಈ ಸಲ ಕಾಗದ ಬೇಡ. ಪಾಠ ಕೇಳಿದ ಮೇಲೆ ಆ ಇಬ್ಬರು ಏನು ಮಾತಾಡಬಹುದು ಎಂದು ಸ್ವಂತವಾಗಿ ಆಡಲಿ. ಮೇಲಿನಾಕೆ ಒಡ್ಡು ಸರಿ ಮಾಡಲು ಕೆಳಗಿನಾಕೆ ಎರಡು ದಿನ ಮುಯ್ಯಾಳು ಬರುವಳೇ? ಕೋಡಿಯ ನೀರನ್ನು ಯಾವ ಕಡೆ ಬಿಡಬೇಕು ಎಂದು ಇಬ್ಬರೂ ಕೂಡಿ ನೋಡುವರೇ? ಯಜಮಾನರಿಗೆ ಹೇಳುವವರು ಯಾರು, ಹೇಗೆ? ಉಳಿದವರು ಸಲಹೆ ಕೊಡಲಿ.

ನಿರ್ಣಯ

ಕೆಳಗಿನದರಲ್ಲಿ ನಿಮ್ಮಿಂದ ಆಗುವುದನ್ನು ಆರಿಸಿ, ಸಂಘದ ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಮಾಡಿ.

- ರೋಹಿಣಿ ಮಳೆಗೆ ಮುಂಚೆ ಒಂದು ದಿನ ಎಲ್ಲ ಸದಸ್ಯೆಯರ ಹೊಲದ ಒಡ್ಡುಗಳನ್ನು ಒಟ್ಟಾಗಿ ನೋಡಿ ಬರುತ್ತೇವೆ. ಒಡೆದ ಕಡೆ ಗುರುತು ಮಾಡುತ್ತೇವೆ.
- ಮುಯ್ಯಾಳಿನ ಲೆಕ್ಕದಲ್ಲಿ, ದಿನ್ನೆಯ ಮೇಲಿನ ಹೊಲದಿಂದ ಆರಂಭಿಸಿ ದುರಸ್ತಿ ಮಾಡುತ್ತೇವೆ.
- ಒಂದು ಎ-ಚೌಕಟ್ಟು ಮಾಡಿ ಸಂಘದಲ್ಲಿ ಇಟ್ಟುಕೊಳ್ಳುತ್ತೇವೆ.
- ಮುಂದಿನ ವಾರ್ಡ್ ಸಭೆ, ಗ್ರಾಮ ಸಭೆಗೆ ಕನಿಷ್ಠ ಐದು ಜನ ಹೋಗಿ, ಮಣ್ಣು ಉಳಿಸುವ ಕೆಲಸಗಳನ್ನು ಕ್ರಿಯಾ ಯೋಜನೆಗೆ ಸೇರಿಸಲು ಬರವಣಿಗೆಯಲ್ಲಿ ಕೇಳುತ್ತೇವೆ. ಅರ್ಜಿಯ ಪ್ರತಿಗೆ ಸ್ವೀಕೃತಿ ಸಹಿ ಪಡೆಯುತ್ತೇವೆ.

ಸಹೋದರಿಯರೇ, ಹನಿಗೂಡಿದರೆ ಹಳ್ಳ ಎಂದು ನಾವು ಉಳಿತಾಯ ಶುರು ಮಾಡಿದಾಗ ಕಲಿತೆವು. ಹಣ ಹಾಗೆ ಕೂಡಿತು. ಮಣ್ಣು ಮಾತ್ರ ಹನಿ ಹನಿಯಾಗಿಯೇ ಕಳೆಯುತ್ತಿದೆ. ಒಂದು ವಾರ ಉಳಿತಾಯ ತಪ್ಪಿದರೆ ನಾವು ದಂಡ ಹಾಕುತ್ತೇವೆ. ಒಡ್ಡು ಒಡೆದು ಎರಡು ವರ್ಷ ಆದರೂ ಕೇಳುವುದಿಲ್ಲ. ಈ ವರ್ಷದಿಂದ ಅದನ್ನೂ ಕೇಳೋಣ. ಮುಂದಿನ ಸಭೆಯಲ್ಲಿ ಮೊದಲ ಪ್ರಶ್ನೆ ಇದೇ ಇರಲಿ: ಯಾರ ಒಡ್ಡು ಸರಿಯಾಯಿತು, ಯಾರದು ಬಾಕಿ ಇದೆ?